‘ಅಪರೂಪದ ಶಸ್ತ್ರಚಿಕಿತ್ಸೆ ಯಶಸ್ವಿ’ ಸರಿ, ಅಪರೂಪದ ತೊಂದರೆಯ ಲೆಕ್ಕ ಎಲ್ಲಿದೆ?

ಹುಬ್ಬಳ್ಳಿ-ಧಾರವಾಡದ ಪತ್ರಿಕೆಗಳ ಸ್ಥಳೀಯ ಪುಟ ಓದುವವರಿಗೆ ಈ ತಲೆಬರಹ ಹೊಸದಲ್ಲ: ‘ಅಪರೂಪದ ಶಸ್ತ್ರಚಿಕಿತ್ಸೆ ಯಶಸ್ವಿ’. ಅದರ ಕೆಳಗೊಂದು ಫೋಟೊ. ನಡುವೆ ರೋಗಿ, ಸುತ್ತ ಬಿಳಿ ಕೋಟು ಹಾಕಿದ ವೈದ್ಯರು. ತೆಗೆದ ಗಡ್ಡೆ ಎಷ್ಟು ಕೆಜಿ ಇತ್ತು, ಆಪರೇಷನ್ ಎಷ್ಟು ತಾಸು ನಡೆಯಿತು, ಖಾಸಗಿ ಆಸ್ಪತ್ರೆಯಲ್ಲಾಗಿದ್ದರೆ ಎಷ್ಟು ಲಕ್ಷ ಖರ್ಚಾಗುತ್ತಿತ್ತು ಎಂಬ ವಿವರ. ಸುದ್ದಿಯಲ್ಲಿ ಸುಳ್ಳೇನೂ ಇರಲ್ಲ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದಿಂದ ಬರುವ ಬಡವರಿಗೆ ವಿದ್ಯಾನಗರದ ದೊಡ್ಡ ದವಾಖಾನೆ ಇಂದಿಗೂ ಕೊನೆಯ ಆಸರೆ. 1957ರಲ್ಲಿ ಕೆಎಂಸಿಯಾಗಿ ಶುರುವಾಗಿ, ಕಿಮ್ಸ್ ಆಗಿ, ಈಗ ಕೆಎಂಸಿಆರ್‌ಐ ಎಂದು ಹೆಸರು ಬದಲಿಸಿಕೊಂಡಿದ್ದರೂ ಅಲ್ಲಿನ ವೈದ್ಯರ ಕೆಲಸದ ಹೊರೆ ಬದಲಾಗಿಲ್ಲ. ಅವರ ಫೋಟೊ ಪೇಪರಿನಲ್ಲಿ ಬಂದರೆ ಯಾರೂ ಹೊಟ್ಟೆಕಿಚ್ಚು ಪಡಬೇಕಿಲ್ಲ.

ಆದರೆ ಇದರ ಇನ್ನೊಂದು ಮಗ್ಗುಲಿನ ಸುದ್ದಿ ಎಂದಾದರೂ ಓದಿದ್ದೀರಾ? ‘ಕಳೆದ ವರ್ಷ ಈ ಆಸ್ಪತ್ರೆಯಲ್ಲಿ ಇಷ್ಟು ಮಂದಿಗೆ ಹರ್ನಿಯಾ ಮೆಶ್ ಹಾಕಲಾಯಿತು, ಇಷ್ಟು ಮಂದಿಗೆ ಸೋಂಕಾಯಿತು, ಇಷ್ಟು ಮಂದಿಗೆ ಮತ್ತೆ ಆಪರೇಷನ್ ಮಾಡಬೇಕಾಯಿತು’ ಅಂತ? ಇಂಥ ಸುದ್ದಿ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯದ್ದೂ ಇಲ್ಲ, ಖಾಸಗಿಯದ್ದಂತೂ ಕೇಳಲೇಬೇಡಿ. ವೈದ್ಯವಿಜ್ಞಾನ ಮುಂದೆ ಹೋಗುವುದು ಹೆಚ್ಚಾಗಿ ಈ ಎರಡನೇ ಬಗೆಯ ಲೆಕ್ಕದಿಂದ. ಅದು ಯಾಕೆ, ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯದ್ದೇ ಉದಾಹರಣೆಗಳಿಂದ ನೋಡೋಣ.

ಒಬ್ಬರು ಗುಣವಾದರೆ ಸಾಕಾ?

2020ರ ಮೇ ತಿಂಗಳು, ಕೋವಿಡ್‌ನ ಮೊದಲ ಅಲೆ. ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಪ್ಲಾಸ್ಮಾ ಥೆರಪಿ ಪಡೆದ ರೋಗಿಯೊಬ್ಬರು ಚೇತರಿಸಿಕೊಂಡರು. ಪ್ಲಾಸ್ಮಾ ಚಿಕಿತ್ಸೆ ರಾಜ್ಯದಲ್ಲೇ ಮೊದಲ ಬಾರಿಗೆ ಯಶಸ್ವಿಯಾಯಿತು ಎಂದು ದೊಡ್ಡ ಸುದ್ದಿಯಾಯಿತು. ಕೋವಿಡ್‌ನಿಂದ ಗುಣವಾದವರ ರಕ್ತದಲ್ಲಿ ಪ್ರತಿಕಾಯಗಳಿರುತ್ತವೆ, ಆ ಪ್ಲಾಸ್ಮಾವನ್ನು ರೋಗಿಗೆ ಕೊಟ್ಟರೆ ಅವರ ದೇಹಕ್ಕೆ ಬಲ ಬರುತ್ತದೆ ಎಂಬುದು ಅದರ ಹಿಂದಿನ ತರ್ಕ. ಕೇಳಲು ಸರಿಯಾಗೇ ಇದೆ. ರೋಗಿ ಗುಣವಾದದ್ದೂ ನಿಜ.

ಆದರೆ ಪ್ಲಾಸ್ಮಾ ಕೊಡದೆ ಇದ್ದಿದ್ದರೆ ಆ ರೋಗಿ ಗುಣವಾಗುತ್ತಿರಲಿಲ್ಲವೇ? ಒಬ್ಬರನ್ನು ಮಾತ್ರ ನೋಡಿ ಇದಕ್ಕೆ ಉತ್ತರ ಹೇಳಲು ಯಾರಿಂದಲೂ ಆಗಲ್ಲ. ಉತ್ತರ ಹುಡುಕಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ‘ಪ್ಲಾಸಿಡ್’ ಎಂಬ ಟ್ರಯಲ್ ನಡೆಸಿತು. ದೇಶದ 39 ಆಸ್ಪತ್ರೆಗಳು, 464 ರೋಗಿಗಳು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿ, 235 ಮಂದಿಗೆ ಪ್ಲಾಸ್ಮಾ ಕೊಟ್ಟರು, 229 ಮಂದಿಗೆ ಕೊಡಲಿಲ್ಲ. ಉಳಿದ ಚಿಕಿತ್ಸೆ ಇಬ್ಬರಿಗೂ ಒಂದೇ. 28 ದಿನಗಳಲ್ಲಿ ಸ್ಥಿತಿ ಗಂಭೀರವಾದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ 44, ಪಡೆಯದವರಲ್ಲಿ 41. ಶೇಕಡಾವಾರು 19 ಮತ್ತು 18. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಿ. 2021ರ ಮೇ ತಿಂಗಳಲ್ಲಿ ಕೇಂದ್ರದ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟರು.

ಹುಬ್ಬಳ್ಳಿಯ ವೈದ್ಯರು ಆಗ ಗೊತ್ತಿದ್ದದ್ದನ್ನು ಮಾಡಿದರು, ಅದರಲ್ಲಿ ತಪ್ಪೇನಿಲ್ಲ. ನಮ್ಮ ಗಮನ ಇರಬೇಕಾದದ್ದು ಬೇರೆ ಕಡೆ. ಒಬ್ಬರ ಕಥೆ ಸುದ್ದಿಯಾಗುತ್ತದೆ, 464 ಮಂದಿಯ ಲೆಕ್ಕ ಸತ್ಯ ಹೇಳುತ್ತದೆ. ಆ ಟ್ರಯಲ್ ನಡೆಯದೇ ಹೋಗಿದ್ದರೆ ಎರಡನೇ ಅಲೆಯಲ್ಲಿ ಪ್ಲಾಸ್ಮಾ ದಾನಿಗಳಿಗಾಗಿ ವಾಟ್ಸಾಪ್ ಗ್ರೂಪುಗಳಲ್ಲಿ ಅಂಗಲಾಚಿದ ಕುಟುಂಬಗಳು ಇವತ್ತಿಗೂ ‘ದಾನಿ ಸಿಕ್ಕಿದ್ದರೆ ಉಳಿಯುತ್ತಿದ್ದರೇನೋ’ ಎಂದು ಕೊರಗುತ್ತಿದ್ದವು.

ಸಾವಿರಕ್ಕೊಂದು ಅಂದರೆ ಎಷ್ಟು?

ಚಿಕಿತ್ಸೆ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಕೆಲವು ನೂರು ರೋಗಿಗಳು ಸಾಕಾಗಬಹುದು. ಅದರಿಂದ ಅಪರೂಪಕ್ಕೆ ಆಗುವ ತೊಂದರೆ ತಿಳಿಯಲು ಅಷ್ಟು ಸಾಲದು. ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಅಂತ ಒಂದು ಸುಲಭದ ಸೂತ್ರವಿದೆ. ಎಂಜಿನಿಯರಿಂಗ್ ಓದಿದವರು ಪ್ರಾಬಬಿಲಿಟಿ ಪೇಪರಿಗೆ ಓದಿ ಮರೆತಿರುತ್ತಾರೆ, ಉಳಿದವರಿಗೂ ಇದು ಕಷ್ಟವಲ್ಲ.

ಒಬ್ಬ ಸರ್ಜನ್ 300 ಮಂದಿಗೆ ಹೊಸ ಬಗೆಯ ಮೆಶ್ ಹಾಕಿದ್ದಾರೆ, ಒಬ್ಬರಿಗೂ ತೊಂದರೆಯಾಗಿಲ್ಲ ಎಂದುಕೊಳ್ಳಿ. ಹಾಗಾದರೆ ತೊಂದರೆಯ ಪ್ರಮಾಣ ಸೊನ್ನೆಯೇ? ಅಲ್ಲ. 3ನ್ನು 300ರಿಂದ ಭಾಗಿಸಿ. 100ಕ್ಕೆ 1 ಬಂತು. ಅಂದರೆ ಈ ಮೆಶ್ ನಿಜದಲ್ಲಿ ನೂರರಲ್ಲಿ ಒಬ್ಬರಿಗೆ ತೊಂದರೆ ಕೊಡುವಂಥದ್ದೇ ಆಗಿದ್ದರೂ, 300 ಮಂದಿಯಲ್ಲಿ ಒಬ್ಬರಿಗೂ ಆಗದೆ ಇರುವ ಸಾಧ್ಯತೆ ಇನ್ನೂ ಶೇ 5ರಷ್ಟು ಇದೆ. ಸಾವಿರಕ್ಕೆ ಒಂದರಂತೆ ಆಗುವ ತೊಂದರೆಯನ್ನು ಒಮ್ಮೆಯಾದರೂ ಕಾಣುತ್ತೇವೆ ಎಂದು ಶೇ 95ರಷ್ಟು ಭರವಸೆಯಿಂದ ಹೇಳಬೇಕಾದರೆ 3,000 ರೋಗಿಗಳನ್ನು ಗಮನಿಸಬೇಕು. ವರ್ಷಕ್ಕೆ 200 ಇಂಥ ಆಪರೇಷನ್ ಮಾಡುವ ಸರ್ಜನ್‌ಗೆ ಅದಕ್ಕೆ 15 ವರ್ಷ ಬೇಕು. ಅಷ್ಟರಲ್ಲಿ ಆ ಮೆಶ್ ಮಾರುಕಟ್ಟೆಯಲ್ಲಿ ಇರುತ್ತೋ ಇಲ್ಲವೋ!

ಇದು ಎಲ್ಲ ರೋಗಿಗಳೂ ಅದೇ ವೈದ್ಯರ ಬಳಿಗೆ ವಾಪಸ್ ಬರುತ್ತಾರೆ ಎಂದುಕೊಂಡರೆ. ವಾಸ್ತವದಲ್ಲಿ ಹಾಗಾಗಲ್ಲ. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿಕೊಂಡ ಹಾನಗಲ್ ಕಡೆಯ ಕೂಲಿಯೊಬ್ಬರಿಗೆ ಆರು ತಿಂಗಳ ಮೇಲೆ ಹೊಟ್ಟೆ ಬಾತು ಕೀವಾದರೆ, ಒಂದು ದಿನದ ಪಗಾರ ಬಿಟ್ಟು, ಬಸ್ ಚಾರ್ಜು ಕೊಟ್ಟು ಮತ್ತೆ ಹುಬ್ಬಳ್ಳಿಗೆ ಬರುತ್ತಾರೆಯೇ? ಹತ್ತಿರದ ಡಾಕ್ಟರಿಗೆ ತೋರಿಸುತ್ತಾರೆ, ಅವರು ಆಂಟಿಬಯೋಟಿಕ್ ಬರೆದು ಕಳಿಸುತ್ತಾರೆ. ಮೆಶ್ ಹಾಕಿದ ಸರ್ಜನ್ ಪಾಲಿಗೆ ಈ ರೋಗಿ ‘ಯಾವ ತೊಂದರೆಯೂ ಇಲ್ಲದವರ’ ಪಟ್ಟಿಯಲ್ಲೇ ಉಳಿಯುತ್ತಾರೆ. ಒಬ್ಬ ವೈದ್ಯರು ಎಷ್ಟೇ ಪ್ರಾಮಾಣಿಕರಾಗಿದ್ದರೂ ‘ನನ್ನ ಅನುಭವದಲ್ಲಿ ಇದು ಸೇಫ್’ ಎಂಬ ಮಾತಿಗೆ ಇಷ್ಟೇ ತೂಕ. ಹಲವು ಆಸ್ಪತ್ರೆಗಳ ಅನುಭವವನ್ನು ಒಂದೇ ವಹಿಯಲ್ಲಿ ಬರೆದಿಡುವವರು ಬೇಕು.

ಕಪ್ಪು ಶಿಲೀಂಧ್ರ: ಸುಳಿವು ಮೊದಲೇ ಇತ್ತು

ಹೀಗೆ ಬರೆದಿಟ್ಟರೆ ಏನು ಸಿಗುತ್ತದೆ, ತಡವಾದರೆ ಏನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಮ್ಯೂಕರ್‌ಮೈಕೋಸಿಸ್ ಸಾಕ್ಷಿ. ಜನರ ಬಾಯಲ್ಲಿ ಬ್ಲ್ಯಾಕ್ ಫಂಗಸ್. ಈ ಶಿಲೀಂಧ್ರ ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಹಳಸಿದ ರೊಟ್ಟಿಯ ಮೇಲೆ ಎಲ್ಲ ಕಡೆ ಇದೆ. ಆರೋಗ್ಯವಂತರಿಗೆ ಏನೂ ಮಾಡಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ, ಸ್ಟಿರಾಯ್ಡ್‌ನಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಮೂಗಿನಿಂದ ಸೈನಸ್‌ಗೆ, ಅಲ್ಲಿಂದ ಕಣ್ಣಿಗೆ, ಮೆದುಳಿಗೆ ಹರಡುತ್ತದೆ. ರಕ್ತನಾಳಕ್ಕೇ ನುಗ್ಗಿ ರಕ್ತದ ಹರಿವನ್ನು ಕಟ್ಟಿಹಾಕುವುದರಿಂದ ಆ ಭಾಗದ ಮಾಂಸ ಸತ್ತು ಕಪ್ಪಾಗುತ್ತದೆ.

ಸತ್ತ ಮಾಂಸಕ್ಕೆ ರಕ್ತ ಹೋಗಲ್ಲ, ರಕ್ತ ಹೋಗದ ಕಡೆ ಔಷಧಿಯೂ ಹೋಗಲ್ಲ. ಹಾಗಾಗಿ ಇಎನ್‌ಟಿ ಸರ್ಜನ್‌ಗಳು ಮೂಗಿನೊಳಗೆ ಎಂಡೋಸ್ಕೋಪ್ ಇಳಿಸಿ ಕೊಳೆತದ್ದನ್ನೆಲ್ಲ ಕೆರೆದು ತೆಗೆಯಬೇಕು. ಕೆಲವರಿಗೆ ಮೇಲ್ದವಡೆ, ಕೆಲವರಿಗೆ ಕಣ್ಣೇ ತೆಗೆಯಬೇಕಾಗುತ್ತದೆ. ಜೊತೆಗೆ ಆಂಫೊಟೆರಿಸಿನ್-ಬಿ ಇಂಜೆಕ್ಷನ್. ಈ ಔಷಧಿ ಶಿಲೀಂಧ್ರದ ಜೀವಕೋಶದ ಪೊರೆಗೆ ತೂತು ಕೊರೆಯುತ್ತದೆ, ಆದರೆ ನಮ್ಮ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಅದನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ಸುತ್ತಿ ಕೊಟ್ಟರೆ ಪೆಟ್ಟು ಕಡಿಮೆ. ಅದೇ ಲೈಪೊಸೋಮಲ್ ಆಂಫೊಟೆರಿಸಿನ್. 2021ರ ಮೇನಲ್ಲಿ ದೇಶಕ್ಕೆ ದೇಶವೇ ಹುಡುಕಾಡಿದ್ದು ಇದನ್ನೇ. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳ ರೋಗಿಗಳು ಬಂದು ಸೇರಿದ್ದು ಹುಬ್ಬಳ್ಳಿಯ ಕಿಮ್ಸ್‌ಗೆ.

ಈ ಕಾಯಿಲೆ ಎರಡನೇ ಅಲೆಯಲ್ಲಿ ಆಕಾಶದಿಂದ ಉದುರಿದ್ದಲ್ಲ. ದೇಶದ 16 ಆಸ್ಪತ್ರೆಗಳ ವೈದ್ಯರು ಸೇರಿ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಲೆಕ್ಕ ಇಟ್ಟಿದ್ದರು. 287 ಮ್ಯೂಕರ್ ರೋಗಿಗಳು ಸಿಕ್ಕರು, ಅವರಲ್ಲಿ 187 ಮಂದಿಗೆ ಕೋವಿಡ್ ನಂಟು. ಹಿಂದಿನ ವರ್ಷದ ಅದೇ ತಿಂಗಳುಗಳಿಗೆ ಹೋಲಿಸಿದರೆ ಪ್ರಕರಣಗಳು 2.1 ಪಟ್ಟು. ಹತೋಟಿ ತಪ್ಪಿದ ಸಕ್ಕರೆ ಮತ್ತು ಬೇಕಾಬಿಟ್ಟಿ ಸ್ಟಿರಾಯ್ಡ್ ಕಡೆಗೆ ಆ ಅಧ್ಯಯನ ಬೊಟ್ಟು ಮಾಡಿತ್ತು. ಆದರೆ ಅದು ಜರ್ನಲ್‌ನಲ್ಲಿ ಬರುವ ಹೊತ್ತಿಗೆ ಎರಡನೇ ಅಲೆ ಬಂದು ಹೊಡೆದಾಗಿತ್ತು. ಮೊದಲ ಅಲೆ ಮತ್ತು ಎರಡನೇ ಅಲೆಯ ನಡುವೆ ನಮಗೆ ಕೆಲವು ತಿಂಗಳ ಪುರುಸೊತ್ತು ಸಿಕ್ಕಿತ್ತು. ವೈದ್ಯರ ಬಳಿಯಿದ್ದ ಲೆಕ್ಕವನ್ನು ತಕ್ಷಣ ನೀತಿಯಾಗಿ ಬದಲಿಸುವ ದಾರಿ ಇದ್ದಿದ್ದರೆ ‘ಸ್ಟಿರಾಯ್ಡ್ ಕೊಡುವಾಗ ಸಕ್ಕರೆ ಪರೀಕ್ಷಿಸಿ’ ಎಂಬ ಒಂದು ಸಾಲಿನ ಎಚ್ಚರಿಕೆ ತಾಲೂಕು ಆಸ್ಪತ್ರೆಗಳಿಗೆ ಮೊದಲೇ ತಲುಪಬಹುದಿತ್ತು.

2021ರ ಮೇನಲ್ಲಿ ಈ ಕಾಯಿಲೆಯ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕು ಎಂಬ ಸೂಚನೆ ಬಂತು. ಆಮೇಲೆ ಏನಾಯಿತು ನೋಡಿ. ಆಗ ಕೇಂದ್ರ ರಾಸಾಯನಿಕ ಮತ್ತು ರಸಗೊಬ್ಬರ ಸಚಿವರಾಗಿದ್ದ ಡಿ.ವಿ. ಸದಾನಂದ ಗೌಡರು ಮೇ 22ರಂದು ರಾಜ್ಯಗಳಿಗೆ 23,680 ಹೆಚ್ಚುವರಿ ವಯಲ್ ಹಂಚಿದ ಪಟ್ಟಿ ಪ್ರಕಟಿಸಿದರು. ಹಂಚಿಕೆಯ ಆಧಾರ ರೋಗಿಗಳ ಸಂಖ್ಯೆ, ಆ ಹೊತ್ತಿಗೆ ದೇಶದಲ್ಲಿ ಸುಮಾರು 8,848. ಲೆಕ್ಕಕ್ಕೆ ಸಿಕ್ಕ ರೋಗಿಯ ಪಾಲಿನ ಔಷಧಿ ಬಂತು. ಲೆಕ್ಕಕ್ಕೆ ಸಿಗದವರ ಪಾಲಿನದು ಎಲ್ಲಿಂದ ಬರಬೇಕು?

ಬಳ್ಳಾರಿ: ಒಂದೇ ಕಡೆ ಆಗಿದ್ದಕ್ಕೆ ಗೊತ್ತಾಯಿತು

2024ರ ನವೆಂಬರ್ 9ರಿಂದ 11. ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆ. ಅವರಲ್ಲಿ ಏಳು ಬಾಣಂತಿಯರಿಗೆ ಮೂತ್ರಪಿಂಡ ಸೇರಿ ಹಲವು ಅಂಗಗಳು ಕೈಕೊಟ್ಟವು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಅನುಮಾನ ಬಿದ್ದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಜನ ಸಲೈನ್ ಬಾಟ್ಲಿ ಎನ್ನುವುದರ ಒಂದು ಬಗೆ ಇದು: ನೀರು, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್. ಆಸ್ಪತ್ರೆಯಲ್ಲಿ ಇದಕ್ಕಿಂತ ಮಾಮೂಲಿ ವಸ್ತು ಇನ್ನೊಂದಿಲ್ಲ. ಆದರೆ ನೇರ ರಕ್ತಕ್ಕೆ ಹೋಗುವ ದ್ರಾವಣ ಕ್ರಿಮಿಮುಕ್ತವಾಗಿದ್ದರೆ ಮಾತ್ರ ಸಾಲದು. ಕಾಯಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಅದರ ಹೊದಿಕೆಯ ಚೂರುಗಳಾದ ಎಂಡೋಟಾಕ್ಸಿನ್ ಉಳಿದುಬಿಡಬಹುದು. ಅದು ರಕ್ತಕ್ಕೆ ಸೇರಿದರೆ ಜ್ವರ, ರಕ್ತದೊತ್ತಡ ಕುಸಿತ, ಅಂಗಾಂಗ ವೈಫಲ್ಯ. ಅದಕ್ಕೇ ಪ್ರತಿ ಬ್ಯಾಚಿಗೂ ಬೇರೆ ಪರೀಕ್ಷೆ ಬೇಕು.

ದ್ರಾವಣ ಪೂರೈಸಿದ್ದು ಪಶ್ಚಿಮ ಬಂಗಾಳದ ‘ಪಶ್ಚಿಮ ಬಂಗಾ ಫಾರ್ಮಸ್ಯೂಟಿಕಲ್ಸ್’. ಆ ಕಂಪನಿಯ ದ್ರಾವಣದ ಬಗ್ಗೆ ರಾಜ್ಯದಲ್ಲಿ ಮೊದಲೇ ತಕರಾರಿತ್ತು, 192 ಬ್ಯಾಚ್‌ಗಳನ್ನು ತಡೆಹಿಡಿಯಲಾಗಿತ್ತು. ಕೇಂದ್ರದ ಪ್ರಯೋಗಾಲಯ ಕೆಲವು ಬ್ಯಾಚ್‌ಗಳ ಗುಣಮಟ್ಟ ಸರಿಯಿದೆ ಎಂದ ಮೇಲೆ ಬಳಕೆಗೆ ಬಿಡಲಾಯಿತು ಎಂಬುದು ಸರ್ಕಾರದ ವಿವರಣೆ. ಘಟನೆಯ ನಂತರ ರಾಜ್ಯ ಔಷಧ ನಿಯಂತ್ರಕರ ಅಮಾನತು ಆಯಿತು, ತಾಯಂದಿರ ಸಾವಿನ ಆಡಿಟ್‌ಗೆ ಆದೇಶವಾಯಿತು. 2025ರ ಜನವರಿಯಲ್ಲಿ ಬಂಗಾಳದ ಮೇದಿನಿಪುರ ಮೆಡಿಕಲ್ ಕಾಲೇಜಿನಲ್ಲಿ ಬಾಣಂತಿಯೊಬ್ಬರು ಸತ್ತಾಗ ಮತ್ತೆ ಅದೇ ಕಂಪನಿಯ ದ್ರಾವಣದ ಮೇಲೆ ಶಂಕೆ ಬಂತು.

ಇಲ್ಲಿ ರಾಜಕೀಯದ ಗದ್ದಲದಲ್ಲಿ ಮುಚ್ಚಿಹೋದ ಒಂದು ವಿಷಯವಿದೆ. ಬಳ್ಳಾರಿಯಲ್ಲಿ ಇದು ಕಣ್ಣಿಗೆ ಬಿದ್ದದ್ದು ಮೂರೇ ದಿನದಲ್ಲಿ, ಒಂದೇ ವಾರ್ಡಿನಲ್ಲಿ ಏಳು ಮಂದಿಗೆ ಆಗಿದ್ದಕ್ಕೆ. ಅದೇ 34 ಹೆರಿಗೆ 34 ತಾಲೂಕು ಆಸ್ಪತ್ರೆಗಳಲ್ಲಿ ಆಗಿದ್ದರೆ? ಏಳು ಊರುಗಳಲ್ಲಿ ತಲಾ ಒಬ್ಬ ಬಾಣಂತಿ. ಒಂದು ಕಡೆ ‘ನಂಜಾಯಿತು’, ಇನ್ನೊಂದು ಕಡೆ ‘ಬಿಪಿ ಇತ್ತು’, ಮತ್ತೊಂದು ಕಡೆ ‘ರಕ್ತ ಕಡಿಮೆ ಇತ್ತು’. ಮನೆಯವರ ಪಾಲಿಗೆ ಹಣೆಬರಹ. ಏಳು ಫೈಲುಗಳು ಏಳು ಕಪಾಟು ಸೇರುತ್ತಿದ್ದವು. ಬಾಟ್ಲಿಯ ಬ್ಯಾಚ್ ನಂಬರ್ ಕೇಳುವವರು ಯಾರೂ ಇರುತ್ತಿರಲಿಲ್ಲ.

ಸೊಂಟದ ಕೀಲು ಹಾಕಿಸಿಕೊಂಡವರು ಎಲ್ಲಿ ಹೋದರು?

ಸಲೈನ್ ತೊಂದರೆ ಕೊಟ್ಟರೆ ದಿನಗಳಲ್ಲಿ ಗೊತ್ತಾಗುತ್ತದೆ. ದೇಹದೊಳಗೆ ಕೂರಿಸುವ ವಸ್ತು ತೊಂದರೆ ಕೊಡಲು ವರ್ಷಗಳೇ ಬೇಕು. ಜಾನ್ಸನ್ ಅಂಡ್ ಜಾನ್ಸನ್‌ನ ಅಂಗಸಂಸ್ಥೆ ಡೆಪ್ಯೂ ತಯಾರಿಸಿದ ಎಎಸ್‌ಆರ್ ಸೊಂಟದ ಕೀಲು ಇಂಥದ್ದು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಮಾಂಸಕ್ಕೆ, ರಕ್ತಕ್ಕೆ ಸೇರುತ್ತಿದ್ದವು. ಎಷ್ಟೋ ಜನ ಕೀಲು ತೆಗೆಸಿ ಬೇರೆ ಹಾಕಿಸಿಕೊಳ್ಳಬೇಕಾಯಿತು. ಆಸ್ಟ್ರೇಲಿಯಾದಲ್ಲಿ 1999ರಿಂದ ಕೀಲು ಬದಲಾವಣೆಯ ರಾಷ್ಟ್ರೀಯ ರಿಜಿಸ್ಟ್ರಿ ಇದೆ. ಯಾರಿಗೆ, ಯಾವ ಕಂಪನಿಯ ಕೀಲು, ಎಷ್ಟು ವರ್ಷಕ್ಕೆ ಕೆಟ್ಟಿತು ಎಂಬ ದಾಖಲೆ. ಈ ಕೀಲು ಬೇರೆಯವಕ್ಕಿಂತ ಬೇಗ ಕೆಡುತ್ತಿದೆ ಎಂದು ಅಲ್ಲಿ ಮೊದಲೇ ಗೊತ್ತಾಯಿತು. 2009ರ ಕೊನೆಗೆ ಆ ದೇಶದ ಮಾರುಕಟ್ಟೆಯಿಂದ ಹೋಯಿತು, 2010ರ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ವಾಪಸ್ ಪಡೆಯಿತು.

ಭಾರತದಲ್ಲಿ ಸುಮಾರು 4,700 ಇಂಥ ಆಪರೇಷನ್ ಆಗಿದ್ದವು. ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ. ಅಷ್ಟರಲ್ಲಿ ಸುಮಾರು 3,600 ಮಂದಿ ಯಾರು, ಎಲ್ಲಿದ್ದಾರೆ ಎಂಬುದೇ ಪತ್ತೆಯಿರಲಿಲ್ಲ. 2018ರಲ್ಲಿ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಸೂತ್ರ ಸಿದ್ಧವಾಯಿತು. ಪಟ್ಟಿಯಲ್ಲೇ ಇಲ್ಲದವರ ಮನೆ ಬಾಗಿಲಿಗೆ ಅದು ಹೋಗುವುದು ಹೇಗೆ?

ವ್ಯವಸ್ಥೆ ಇದೆ, ಬಳಸುವವರು ಕಡಿಮೆ

ನಮ್ಮಲ್ಲಿ ಏನೂ ಇಲ್ಲ ಎನ್ನುವಂತಿಲ್ಲ. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಗಿದೆ. ಸ್ಟೆಂಟ್, ಮೆಶ್, ಕೀಲಿನಂಥ ಉಪಕರಣಗಳಿಗೆ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ 2015ರ ಜುಲೈನಲ್ಲಿ ಬಂದಿದೆ. ಎರಡಕ್ಕೂ ಕೇಂದ್ರ ಕಚೇರಿ ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್‌ನಲ್ಲಿರುವ ರೋಗಿಗೆ ಗಂಭೀರ ತೊಂದರೆಯಾದರೆ ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಲೇಬೇಕು. ಆದರೆ ಟ್ರಯಲ್ ಮುಗಿದು ಅದೇ ವಸ್ತು ಮಾರುಕಟ್ಟೆಗೆ ಬಂದ ಮೇಲೆ, ಲಕ್ಷಗಟ್ಟಲೆ ಜನರಿಗೆ ಬಳಸುವಾಗ, ಚಿಕಿತ್ಸೆ ಕೊಡುವ ವೈದ್ಯರ ವರದಿ ಬಹುಮಟ್ಟಿಗೆ ಅವರ ಇಚ್ಛೆಗೆ ಬಿಟ್ಟದ್ದು.

ವೈದ್ಯರು ಯಾಕೆ ಬರೆಯಲ್ಲ? ಒಪಿಡಿಯಲ್ಲಿ ಸಾಲು ನಿಂತ ಜನ, ತುಂಬಲು ಸಮಯವಿಲ್ಲದ ಫಾರಂ, ಮೇಲಧಿಕಾರಿಯ ಭಯ, ಗ್ರಾಹಕ ನ್ಯಾಯಾಲಯದ ಭಯ, ರೊಚ್ಚಿಗೆದ್ದ ಸಂಬಂಧಿಕರ ಭಯ. ಈ ಭಯ ಸುಳ್ಳಲ್ಲ. ತೊಂದರೆಯ ಸಂಖ್ಯೆ ಪ್ರಕಟಿಸಿದ ಆಸ್ಪತ್ರೆಯ ಮೇಲೆ ಮರುದಿನವೇ ‘ಸಾವಿನ ಮನೆ’ ಎಂದು ಸ್ಕ್ರೋಲ್ ಓಡಿಸುವ ಚಾನೆಲ್‌ಗಳು ನಮ್ಮಲ್ಲಿವೆ. ಕಷ್ಟದ ಕೇಸು ತೆಗೆದುಕೊಳ್ಳುವ ಆಸ್ಪತ್ರೆಯಲ್ಲಿ ತೊಂದರೆಯ ಪ್ರಮಾಣ ಹೆಚ್ಚೇ ಇರುತ್ತದೆ ಎಂಬುದನ್ನು ಅವರಿಗೆ ಯಾರು ಹೇಳಬೇಕು? ಅಂದಹಾಗೆ, ಈ ವರದಿ ಫಾರಂನಲ್ಲೇ ಒಂದು ರಕ್ಷಣೆ ಬರೆದಿದೆ: ವರದಿ ಸಲ್ಲಿಸಿದ ಮಾತ್ರಕ್ಕೆ ವೈದ್ಯರೋ ಕಂಪನಿಯೋ ತಪ್ಪು ಒಪ್ಪಿಕೊಂಡಂತಲ್ಲ. ಅದನ್ನು ವೈದ್ಯರಿಗೂ ನಮಗೂ ಯಾರೂ ಗಟ್ಟಿಯಾಗಿ ಹೇಳಿಲ್ಲ.

ಇನ್ನು ಸಂಶೋಧನೆ. ರಾಜೀವ್ ಗಾಂಧಿ ಆರೋಗ್ಯ ವಿವಿಯಡಿ ಓದುವ ಪ್ರತಿ ಪಿಜಿ ವಿದ್ಯಾರ್ಥಿಯೂ ಒಂದು ಪ್ರಬಂಧ ಬರೆಯಬೇಕು, ಅಧ್ಯಾಪಕರ ಬಡ್ತಿಗೆ ಪ್ರಕಟಿತ ಪೇಪರ್ ಬೇಕು. ಹಾಗಾಗಿ ಪೇಪರ್‌ಗಳಿಗೆ ಬರವಿಲ್ಲ. ಆದರೆ ಒಬ್ಬ ಅಪರೂಪದ ರೋಗಿ ಬದುಕುಳಿದ ಕಥೆ ಪೇಪರ್ ಆಗುವಷ್ಟು ಸುಲಭವಾಗಿ ‘ನಮ್ಮ ವಾರ್ಡಿನ ಐದು ವರ್ಷದ ಸೋಂಕಿನ ಲೆಕ್ಕ’ ಪೇಪರ್ ಆಗುವುದಿಲ್ಲ. ಮೊದಲನೆಯದು ಕುತೂಹಲ ತಣಿಸುತ್ತದೆ. ಎರಡನೆಯದು ಮುಂದಿನ ರೋಗಿಯನ್ನು ಉಳಿಸುತ್ತದೆ.

ನಾವು ಕೇಳಬೇಕಾದದ್ದು

ಮೊದಲನೆಯದು ಸಣ್ಣದು. ದೇಹದೊಳಗೆ ಏನೇ ಕೂರಿಸಿದರೂ ಅದರ ಕಂಪನಿ, ಮಾದರಿ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಡಿಸ್ಚಾರ್ಜ್ ಕಾರ್ಡ್ ಮೇಲೆ ಇರಲಿ. ಮನೆಯವರ ಆಪರೇಷನ್ ಆದರೆ ಕೇಳಿ ಪಡೆಯಿರಿ, ಫೋಟೊ ತೆಗೆದಿಟ್ಟುಕೊಳ್ಳಿ. ಔಷಧಿಯಿಂದ ತೊಂದರೆಯಾದರೆ ರೋಗಿಯೇ ವರದಿ ಮಾಡಬಹುದು, ಕನ್ನಡದಲ್ಲೂ ಫಾರಂ ಇದೆ. ಉಚಿತ ಸಹಾಯವಾಣಿ 1800-180-3024.

ಎರಡನೆಯದು ರಾಜ್ಯ ಸರ್ಕಾರಕ್ಕೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಆಗುವ ಆಪರೇಷನ್‌ಗಳಿಗೆ ಹಣ ಕೊಡುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಯಾರಿಗೆ, ಎಲ್ಲಿ, ಯಾವ ಆಪರೇಷನ್ ಆಯಿತು ಎಂಬ ಮಾಹಿತಿ ಬಿಲ್ ರೂಪದಲ್ಲಿ ಅಲ್ಲಿ ಇದ್ದೇ ಇದೆ. ಅದಕ್ಕೆ ಲಾಟ್ ನಂಬರ್ ಸೇರಿಸಿ, ಅದೇ ರೋಗಿ ಮತ್ತೆ ಬೇರೆ ಆಸ್ಪತ್ರೆಗೆ ದಾಖಲಾದರೆ ಗುರುತಿಸುವಂತೆ ಮಾಡಿದರೆ ರಿಜಿಸ್ಟ್ರಿಯ ಅರ್ಧ ಕೆಲಸ ಮುಗಿಯಿತು. ರೋಗಿಗಳ ಹೆಸರು ಹೊರಗೆ ಬರಬೇಕಿಲ್ಲ, ಸಂಖ್ಯೆ ಬಂದರೆ ಸಾಕು. ಹಾನಗಲ್‌ನ ಆ ಕೂಲಿಯ ಕೀವು ಹುಬ್ಬಳ್ಳಿಯ ಸರ್ಜನ್ ಕಣ್ಣಿಗೆ ಬೀಳುವ ದಾರಿ ಅದೊಂದೇ.

ಮೂರನೆಯದು ಹುಬ್ಬಳ್ಳಿ-ಧಾರವಾಡಕ್ಕೆ. ಕೆಎಂಸಿಆರ್‌ಐ ಇಲ್ಲಿದೆ, ಸತ್ತೂರಿನ ಎಸ್‌ಡಿಎಂ ಇದೆ, ಸಣ್ಣ ದೊಡ್ಡ ನರ್ಸಿಂಗ್ ಹೋಮ್‌ಗಳು ಓಣಿಗೊಂದಿವೆ. ಅವಳಿ ನಗರದ ಆಸ್ಪತ್ರೆಗಳು ಸೇರಿ, ಯಾರ ತಪ್ಪು ಎಂದು ಹುಡುಕದೆ, ಹರ್ನಿಯಾ ಮತ್ತು ಸಿಸೇರಿಯನ್ ಎಂಬ ಎರಡೇ ಆಪರೇಷನ್‌ಗಳ ತೊಂದರೆಗಳನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ. ಒಬ್ಬ ಸರ್ಜನ್‌ಗೆ 15 ವರ್ಷ ಬೇಕಾಗುವ 3,000 ರೋಗಿಗಳ ಅನುಭವ ಹತ್ತು ಮಂದಿ ಕೂಡಿದರೆ ಒಂದೂವರೆ ವರ್ಷದಲ್ಲಿ ಸಿಗುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯೂ ಬೇಡ. ಬಹುಶಃ ಅದಕ್ಕೇ ಯಾವ ಶಾಸಕರೂ ಇದನ್ನು ಕೇಳುತ್ತಿಲ್ಲ. ನಾವಾದರೂ ಕೇಳೋಣ.